ಬೇಸಿಗೆಯ ಬೈಕು ಪ್ರಯಾಣ ಮತ್ತು ಒಂದು ಹುಣಸೆಮರದ ನೆರಳು

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತಾ, "ಸಾರ್, ಭಾನುವಾರ ಬೆಂಗಳೂರಿನಿಂದ ಹೊಸಪೇಟೆಗೆ ಬೈಕಿನಲ್ಲಿ ಬಂದೆ. ಐದೂವರೆ ಗಂಟೆ ಅಷ್ಟೇ. ಪೆಟ್ರೋಲ್ ಹಾಕಿಸಲಿಕ್ಕೆ ಒಂದೇ ಸಲ ನಿಲ್ಲಿಸಿದ್ದು" ಎಂದು ಹೆಮ್ಮೆಯಿಂದ ಹೇಳಿದ. ಬೇಸಿಗೆಯ ನಡುಭಾಗ. ಬೆಳಿಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನ ಒಂದೂವರೆಗೆ ತಲುಪಿದ್ದಾನೆ. ಅವನು ನನ್ನಿಂದ ಒಂದು "ಶಭಾಷ್" ನಿರೀಕ್ಷಿಸಿದ್ದನೆಂದು ತೋರುತ್ತದೆ. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. "ದಾರಿಯಲ್ಲಿ ಏನೇನು ನೋಡಿದೆಯಪ್ಪ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ಸಾರ್" ಎಂದ. ಸುಮಾರು ಮುನ್ನೂರನಲವತ್ತು ಕಿಲೋಮೀಟರ್ ದಾರಿಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಅದೊಂದೇ!

ಅವನನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ಏಕೆಂದರೆ ಮೂವತ್ತೈದು ವರ್ಷಗಳ ಹಿಂದೆ ನಾನೂ ಇದೇ ಜಂಬದವನಾಗಿದ್ದೆ. ತರಗತಿಯಲ್ಲಿ ನಿಮಗಾರಿಗೂ ಎಂದೂ ಹೇಳದಿದ್ದ ಒಂದು ಸಂಗತಿಯನ್ನು ಈ ನೆಪದಲ್ಲಿ ಬರೆಯುತ್ತಿದ್ದೇನೆ. (ನನ್ನ ಶ್ರೀಮತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ತಪ್ಪು ಯಾರದೆಂದು ಸ್ಪಷ್ಟವಾಗಿ ಬರೆಯಬೇಕು" ಎಂಬುದು ಆಕೆಯ ಷರತ್ತು.)

ಆಗ ನನ್ನ ಬಳಿ ಯೆಜ್ಡಿ ಬೈಕಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ, ಗೇರು ಹಾಕುವುದಕ್ಕೂ ಕಿಕ್ ಹೊಡೆಯುವುದಕ್ಕೂ ಒಂದೇ ಸನ್ನೆ ಇದ್ದ ಆ ಗಾಡಿಯನ್ನು ನಿಮ್ಮಲ್ಲಿ ಹಿರಿಯರಾದವರು ಶಾಲೆಯ ಬೇವಿನಮರದ ಕೆಳಗೆ ನೋಡಿರುತ್ತೀರಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಸದ್ದು ಕೇಳಿದೊಡನೆ ಹುಡುಗರು ಗಲಾಟೆ ನಿಲ್ಲಿಸುತ್ತಿದ್ದರೆಂದು ನಾನು ಭಾವಿಸಿದ್ದೆ; ಸದ್ದು ದೂರದಿಂದಲೇ ಕೇಳುತ್ತಿದ್ದುದರಿಂದ ಅಷ್ಟು ಹೊತ್ತಿನವರೆಗೆ ನಿಶ್ಚಿಂತೆಯಿಂದ ಗಲಾಟೆ ಮಾಡುತ್ತಿದ್ದರೆಂಬುದು ನಿವೃತ್ತಿಯ ದಿನದ ಭಾಷಣಗಳಲ್ಲಿ ತಿಳಿಯಿತು. ಇರಲಿ.

1989ರ ಬೇಸಿಗೆ. ಮೊಳಕಾಲ್ಮೂರಿನಲ್ಲಿ ನಮ್ಮ ಬಂಧುಗಳ ಮದುವೆ. ಹಿರಿಯೂರಿನಿಂದ ನಸುಕಿನಲ್ಲಿಯೇ ಹೊರಟು ಧಾರೆಯ ವೇಳೆಗೆ ಸುಖವಾಗಿ ತಲುಪಿದೆವು. ಮರುದಿನ ಬೆಳಿಗ್ಗೆ ನಾನು ಮೌಲ್ಯಮಾಪನ ಕೇಂದ್ರದಲ್ಲಿ ಇರಬೇಕಾಗಿತ್ತು. ಊಟ ಮುಗಿಯುತ್ತಲೇ, ಮಧ್ಯಾಹ್ನದ ಹನ್ನೆರಡೂವರೆಗೆ, ಎಲ್ಲರೂ ಬೇಡವೆನ್ನುತ್ತಿದ್ದರೂ ಕೇಳದೆ ಗಾಡಿ ತೆಗೆದೆ. ಶ್ರೀಮತಿ ಮದುವೆಗೆಂದು ಉಟ್ಟಿದ್ದ ರೇಷ್ಮೆ ಸೀರೆಯಲ್ಲಿಯೇ ಇದ್ದಳು. ಬದಲಿಸುವುದಕ್ಕೂ ನಾನು ಸಮಯ ಕೊಟ್ಟಿರಲಿಲ್ಲ. ರಸ್ತೆಯ ಡಾಂಬರು ಕರಗಿ ಚಕ್ರಕ್ಕೆ ಅಂಟುತ್ತಿತ್ತು. ಎದುರಿನಿಂದ ಬೀಸುವ ಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಆಕೆ ಮೊದಲ ಸಲ, "ರೀ, ಎಲ್ಲಾದರೂ ಒಂದು ಘಳಿಗೆ ನಿಲ್ಲಿಸಿ" ಎಂದಾಗ, "ತಳುಕು ಬರಲಿ" ಎಂದೆ. ತಳುಕು ಬಂದಿತು. ವೆಂಕಣ್ಣಯ್ಯನವರ, ತ.ರಾ.ಸು. ಅವರ ಮನೆತನದ ಊರು ಇದೇ ಎಂದು ಗಾಡಿಯ ಮೇಲಿಂದಲೇ ಪಾಠ ಹೇಳಿದೆನೇ ಹೊರತು ನಿಲ್ಲಿಸಲಿಲ್ಲ. ಎರಡನೆಯ ಸಲ ಕೇಳಿದಾಗ, "ಇನ್ನೇನು ಚಳ್ಳಕೆರೆ ಬಂತು, ಅಲ್ಲಿ ಹೋಟೆಲಿನಲ್ಲಿ ತಣ್ಣಗೆ ಕುಳಿತುಕೊಳ್ಳೋಣ" ಎಂದೆ. ಮೂರನೆಯ ಸಲ ಆಕೆ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಹೇಗೋ ಸುಮ್ಮನಾದಳಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಸ್ವಲ್ಪ ದೂರ ಸಾಗುವಷ್ಟರಲ್ಲಿ ಕುರಿಹಿಂಡೊಂದು ರಸ್ತೆ ದಾಟುತ್ತಿತ್ತು. ನಾನು ವೇಗ ತಗ್ಗಿಸಿದೆ. ನನ್ನ ಹೆಗಲ ಮೇಲಿದ್ದ ಕೈ ಜಾರಿತು. ಗಾಡಿ ನಿಲ್ಲುವುದಕ್ಕೂ ಆಕೆ ಹಿಂದಿನಿಂದ ಕುಸಿದು ಬೀಳುವುದಕ್ಕೂ ಸರಿಹೋಯಿತು. ಒಂದೇ ಪಕ್ಕಕ್ಕೆ ಕಾಲು ಹಾಕಿ ಕುಳಿತಿದ್ದಳು, ತಲೆಗೆ ಹೆಲ್ಮೆಟ್ ಎಂಬುದು ಆಗ ನಮ್ಮ ಕಲ್ಪನೆಯಲ್ಲಿಯೂ ಇರಲಿಲ್ಲ. ಆ ಕುರಿಗಳು ಒಂದು ನಿಮಿಷ ತಡವಾಗಿ ದಾಟಿದ್ದರೆ ಏನಾಗುತ್ತಿತ್ತೆಂಬುದನ್ನು ನಾನು ಇಂದಿಗೂ ಪೂರ್ತಿಯಾಗಿ ಯೋಚಿಸಲಾರೆ.

ಕುರಿ ಕಾಯುತ್ತಿದ್ದ ಹಿರಿಯನೊಬ್ಬ ಓಡಿಬಂದ. ಇಬ್ಬರೂ ಸೇರಿ ಆಕೆಯನ್ನು ರಸ್ತೆಬದಿಯ ಒಂದು ಭಾರಿ ಹುಣಸೆಮರದ ಕೆಳಗೆ ಮಲಗಿಸಿದೆವು. ಮೈ ಮುಟ್ಟಿದರೆ ಕಾದ ಹೆಂಚು. ಆತ ತನ್ನ ತಲೆಯ ರುಮಾಲು ಬಿಚ್ಚಿ, ತನ್ನಲ್ಲಿದ್ದ ನೀರಿನಲ್ಲಿ ನೆನೆಸಿ, ಕುತ್ತಿಗೆ, ತೋಳು, ಅಂಗಾಲುಗಳಿಗೆಲ್ಲ ಒರೆಸಿ, ಅದೇ ಒದ್ದೆ ಬಟ್ಟೆಯಿಂದ ಗಾಳಿ ಹಾಕತೊಡಗಿದ. ನಾನು ಗಾಬರಿಯಲ್ಲಿ ಬಾಯಿಗೆ ನೀರು ಬಿಡಲು ಹೋದರೆ ಕೈ ಹಿಡಿದು ತಡೆದ. "ಕಣ್ಣು ಬಿಡ್ಲಿ ಸ್ವಾಮಿ, ಆಮ್ಯಾಕೆ" ಎಂದ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದೆಂಬುದನ್ನು ಮಕ್ಕಳಿಗೆ ಬೋಧಿಸಿದ್ದವನು ನಾನು! ಕಾಲು ಗಂಟೆಯ ಅನಂತರ ಆಕೆ ಕಣ್ಣು ತೆರೆದಳು. ಚಳ್ಳಕೆರೆಯ ವೈದ್ಯರ ಬಳಿ ಲಾರಿಯೊಂದರಲ್ಲಿ ಕರೆದೊಯ್ದೆ. ಮೌಲ್ಯಮಾಪನಕ್ಕೆ ಎರಡು ದಿನ ತಡವಾಗಿ ಹೋದೆ. ಅದಕ್ಕಾಗಿ ಆಕಾಶವೇನೂ ಕಳಚಿ ಬೀಳಲಿಲ್ಲ.

ಲಾರಿ ಹತ್ತಿಸುವಾಗ ಆ ಕುರುಬರ ಅಜ್ಜ ಹೇಳಿದ ಮಾತು: "ಹೊತ್ತೇರಿದ್ರೆ ಕುರೀನೇ ನೆಳ್ಳಿಗೆ ಸೇರ್ಕಂತಾವೆ ಸ್ವಾಮಿ. ಓದ್ದೋರು ನೀವು." ಬಿ.ಎಡ್. ತರಬೇತಿಯಲ್ಲಿ ಯಾವ ಪ್ರಾಧ್ಯಾಪಕರೂ ನನಗೆ ಇಷ್ಟು ಚುಟುಕಾಗಿ ಅಂಕ ಹಾಕಿರಲಿಲ್ಲ.

ವಿಜ್ಞಾನದ ಮೇಷ್ಟರಾಗಿ ನಾನು ಅಂದು ಮರೆತಿದ್ದ ಪಾಠವನ್ನು ಈಗ ನಿಮಗೆ ನೆನಪಿಸುತ್ತೇನೆ. ನಮ್ಮ ಚರ್ಮದ ಉಷ್ಣತೆ ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಬೈಕಿನ ಮೇಲೆ ಎದುರಾಗುವ ಗಾಳಿ ಮೈಯ ಶಾಖವನ್ನು ಒಯ್ಯುತ್ತದೆ, ಹಿತವಾಗುತ್ತದೆ. ಗಾಳಿಯೇ 39, 40 ಡಿಗ್ರಿ ಇದ್ದಾಗ ಅದು ಶಾಖವನ್ನು ಒಯ್ಯುವುದಿಲ್ಲ, ತಂದು ಮೈಗೆ ಸುರಿಯುತ್ತದೆ. ಆಗ ನಮ್ಮನ್ನು ಕಾಯುವುದು ಬೆವರೊಂದೇ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ತತ್ತ್ವವೇ ಇದು: ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ. ಆದರೆ ಗಂಟೆಗೆ ಅರುವತ್ತು ಕಿಲೋಮೀಟರ್ ವೇಗದ ಒಣಗಾಳಿಯಲ್ಲಿ ಬೆವರು ಹುಟ್ಟಿದ ಕ್ಷಣವೇ ಆರಿಹೋಗುವುದರಿಂದ, ಸವಾರನಿಗೆ ತಾನು ಬೆವರುತ್ತಿದ್ದೇನೆಂಬುದೇ ತಿಳಿಯದು. ಅಂಗಿ ಒದ್ದೆಯಾಗಿಲ್ಲ, ಆದ್ದರಿಂದ ಬಾಧೆಯಿಲ್ಲ ಎಂದುಕೊಳ್ಳುತ್ತಾನೆ. ಒಳಗಿನ ಗಡಿಗೆ ಬರಿದಾಗುತ್ತಿರುತ್ತದೆ.

ಇದು ತಿಳಿದರೆ ಉಡುಗೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಬಿಸಿಲೆಂದು ತೋಳಿಲ್ಲದ ಬನಿಯನ್ ತೊಟ್ಟು ಹೊರಡುವ ಹುಡುಗರನ್ನು ಕಂಡರೆ ನನಗೆ ಮರುಕವಾಗುತ್ತದೆ. ಬಯಲಿನಲ್ಲಿ ದುಡಿಯುವ ನಮ್ಮ ರೈತ ತಲೆಗೆ ರುಮಾಲು ಸುತ್ತಿ ಮೈಮುಚ್ಚುವುದು ಸುಮ್ಮನೆಯಲ್ಲ. ಸಡಿಲವಾದ, ತಿಳಿಬಣ್ಣದ, ತುಂಬುತೋಳಿನ ಹತ್ತಿಯ ಅಂಗಿ. ಹೆಲ್ಮೆಟ್ಟಿನೊಳಗೆ ತೆಳುವಾದ ಹತ್ತಿಬಟ್ಟೆ. ಕುತ್ತಿಗೆಗೆ ಒಂದು ಒದ್ದೆ ಟವೆಲು. ಟವೆಲಿನ ತುದಿಗಳನ್ನು ಅಂಗಿಯೊಳಗೆ ಭದ್ರವಾಗಿ ಸೇರಿಸಬೇಕು, ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಪ್ರತಿ ನಿಲುಗಡೆಯಲ್ಲಿಯೂ ಅದನ್ನು ಮತ್ತೆ ನೆನೆಸಿಕೊಳ್ಳಬೇಕು. ಸೆಕೆಯೆಂದು ಹೆಲ್ಮೆಟ್ಟನ್ನು ಹ್ಯಾಂಡಲಿಗೆ ತೂಗುಹಾಕುವವರೊಡನೆ ನಾನು ವಾದಕ್ಕೆ ಹೋಗುವುದಿಲ್ಲ. ನನ್ನ ಶ್ರೀಮತಿ ಹೋಗುತ್ತಾಳೆ.

ನೀರನ್ನು ಬಾಯಾರಿಕೆಯಾಗುವ ಮೊದಲೇ ಕುಡಿಯಬೇಕು. ಬರಿಯ ನೀರಿಗಿಂತ ಉಪ್ಪು ಬೆರೆಸಿದ ಮಜ್ಜಿಗೆ ಮೇಲು. ಅದೂ ಇಲ್ಲವಾದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಬಾಟಲಿಯಲ್ಲಿಟ್ಟುಕೊಳ್ಳಿ. ಹೆದ್ದಾರಿಯ ಹೋಟೆಲುಗಳಲ್ಲಿ ಮಧ್ಯಾಹ್ನ ಹೊಟ್ಟೆಬಿರಿಯ ಉಂಡು ತಕ್ಷಣವೇ ಗಾಡಿ ಹತ್ತುವುದು ನಿದ್ದೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಂತೆ. ತಲೆನೋವು, ಓಕರಿಕೆ, ಮಾತು ತೊದಲುವುದು, ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಊರಿಗಾಗಿ ಕಾಯಬೇಡಿ. ಮಾತು ತೊದಲಿದರೆ, ಎಚ್ಚರ ತಪ್ಪಿದರೆ, ಮೈ ತಣ್ಣಗಾಗಿಸುತ್ತಲೇ ವೈದ್ಯರಲ್ಲಿಗೆ ಒಯ್ಯಿರಿ. "ಇನ್ನೇನು ಚಳ್ಳಕೆರೆ ಬಂತು" ಎಂಬ ಮಾತಿನಷ್ಟು ಅಪಾಯದ ಮಾತು ಇನ್ನೊಂದಿಲ್ಲ.

ಗಾಡಿಗೂ ಒಂದೆರಡು ಮಾತು. ಟೈರಿನ ಗಾಳಿಯನ್ನು ಹೊರಡುವ ಮೊದಲು, ತಣ್ಣಗಿರುವಾಗ ನೋಡಬೇಕು. ಬಿಸಿಯಾಗಿ ಒತ್ತಡ ಏರಿದೆಯೆಂದು ನಡುದಾರಿಯಲ್ಲಿ ಗಾಳಿ ಬಿಡಬಾರದು. ಮೆತ್ತಗಾದ ಡಾಂಬರಿನ ಮೇಲೆ ಪಕ್ಕದ ಸ್ಟ್ಯಾಂಡ್ ಇಳಿದು ಗಾಡಿ ಮಗುಚುತ್ತದೆ, ಅದರ ಕೆಳಗೆ ಒಂದು ಚಪ್ಪಟೆ ಕಲ್ಲು ಇಡಿ. (ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ಆಚೆಗೆ ಎಸೆಯುವುದನ್ನು ಮರೆಯಬೇಡಿ. ಹಿಂದೆ ಬರುವವನೂ ನಿಮ್ಮ ಹಾಗೆಯೇ ಸವಾರ.)

ಇನ್ನು ನಿಲ್ಲುವ ವಿಚಾರ. ಪ್ರಯಾಣವೆಂದರೆ ಸಾಗುವುದು, ನಿಲ್ಲುವುದು ಸಮಯದ ನಷ್ಟ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನಿಂದ ನಸುಕಿನ ನಾಲ್ಕೂವರೆಗೆ ಹೊರಟವನು ಶಿರಾ ಸಮೀಪದ ಕಗ್ಗಲಡುವಿಗೆ ಬೆಳಗಿನ ತಂಪಿನಲ್ಲಿಯೇ ತಲುಪುತ್ತಾನೆ. ಅಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಬಿಸಿಲೇರಿದಂತೆ ತಾಯಿಹಕ್ಕಿ ರೆಕ್ಕೆಗಳನ್ನು ಕೊಡೆಯಂತೆ ಬಿಚ್ಚಿ, ಮರಿಗಳ ಮೇಲೆ ನೆರಳು ಬೀಳುವಂತೆ ಅಲುಗಾಡದೆ ನಿಲ್ಲುತ್ತದೆ. ಹಾರ್ನ್ ಮಾಡದೆ, ಮರದಿಂದ ದೂರ ನಿಂತು ಹತ್ತು ನಿಮಿಷ ಅದನ್ನು ನೋಡಿ.

ಅಲ್ಲಿಂದ ಹಿರಿಯೂರಿಗೆ ಬಂದು, ಹೆದ್ದಾರಿಯಿಂದ ಸುಮಾರು 20 ಕಿಲೋಮೀಟರ್ ಒಳಗೆ ಹೋದರೆ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ. ವೇದಾವತಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಈ ಅಣೆಕಟ್ಟಿನ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ನಾನು ಪಾಠ ಹೇಳುತ್ತಿದ್ದ ಅಷ್ಟೂ ವರ್ಷ, "1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದಿಲ್ಲ" ಎಂದು ಹೇಳಿಯೇ ನಿವೃತ್ತನಾದೆ. 2022ರಲ್ಲಿ, 89 ವರ್ಷಗಳ ಅನಂತರ, ಅದು ತುಂಬಿ ಹರಿದಾಗ ನಿಮ್ಮಲ್ಲಿ ಎಷ್ಟೋ ಮಂದಿ ನನಗೆ ಚಿತ್ರ ಕಳುಹಿಸಿದಿರಿ, "ಸಾರ್, ಪಾಠ ತಿದ್ದಿಕೊಳ್ಳಿ" ಎಂಬ ಟಿಪ್ಪಣಿಯೊಡನೆ! ಬೆಳಗಿನ ಹೊತ್ತು ಆ ಕಡೆಯಿಂದ ಬೀಸುವ ಗಾಳಿಗೆ ನೀರಿನ ವಾಸನೆಯಿರುತ್ತದೆ. ಬಯಲುಸೀಮೆಯವರಿಗೆ ಅದಕ್ಕಿಂತ ದೊಡ್ಡ ದೃಶ್ಯವೈಭವ ಬೇಡ. ಅಲ್ಲಿಯೇ ತಿಂಡಿ ತಿಂದು, ಹತ್ತರೊಳಗೆ ಯಾರಾದರೂ ಬಂಧುಗಳ ಮನೆಯನ್ನೋ ಮರಗಳಿರುವ ಗುಡಿಯನ್ನೋ ಸೇರಿಬಿಡಿ. ಮತ್ತೆ ನಾಲ್ಕೂವರೆಗೆ ಹೊರಟರಾಯಿತು. ಹಿಂದೆ ಬೇಸಿಗೆಯಲ್ಲಿ ಎತ್ತಿನ ಗಾಡಿಗಳನ್ನು ತಂಪು ಹೊತ್ತಿನಲ್ಲಿಯೇ ಹೂಡುತ್ತಿದ್ದುದು ಎತ್ತುಗಳ ಮೇಲಿನ ಕರುಣೆಯಿಂದ. ನಮ್ಮ ಮೇಲೆ ನಮಗೆ ಅಷ್ಟಾದರೂ ಕರುಣೆ ಬೇಡವೇ?

ಆದರೆ ಇಷ್ಟೆಲ್ಲ ಬುದ್ಧಿವಾದ ವಿರಾಮಕ್ಕಾಗಿ ತಿರುಗುವವರಿಗಾಯಿತು. ಬಿಸಿಲಿನಲ್ಲಿ ಬೈಕು ಓಡಿಸುವವರಲ್ಲಿ ಹೆಚ್ಚಿನವರು ಹೊತ್ತನ್ನು ಆರಿಸಿಕೊಳ್ಳಲಾರರು. ಹಿಂದಿನ ಸೀಟಿಗೆ ಸೀರೆಯ ಗಂಟು ಬಿಗಿದು ಊರೂರು ಸುತ್ತುವ ವ್ಯಾಪಾರಿ, ಔಷಧಿಯ ಪೆಟ್ಟಿಗೆ ಹೊತ್ತ ಪ್ರತಿನಿಧಿ, ಪಟ್ಟಣದಲ್ಲಿ ಊಟದ ಪೊಟ್ಟಣ ತಲುಪಿಸುವ ಹುಡುಗ, ನಾಲ್ಕು ಊರುಗಳಾಚೆಯ ಶಾಲೆಗೆ ಹೋಗುವ ಮೇಷ್ಟರು: ಇವರು ಮಧ್ಯಾಹ್ನವೂ ಹೊರಡಲೇಬೇಕು. ಇವರಿಗೆ ನಿಲ್ಲಲು ಜಾಗವೆಲ್ಲಿದೆ? ನನ್ನ ತಕರಾರು ಇರುವುದು ಇಲ್ಲಿ.

ನಮ್ಮ ಪೂರ್ವಿಕರು ದಾರಿ ಮಾಡುವಾಗ ನೆರಳನ್ನೂ ಮಾಡುತ್ತಿದ್ದರು. ನಾವು ಮದುವೆಗೆ ಹೋಗಿದ್ದ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಬ್ರಹ್ಮಗಿರಿಯಿದೆ, ಅಲ್ಲಿ ಅಶೋಕನ ಶಾಸನವಿದೆ. ಪಠ್ಯಪುಸ್ತಕದಲ್ಲಿ ನೀವು ಓದಿದ, ದಾರಿಬದಿಗೆ ಮರ ನೆಡಿಸಿ ಬಾವಿ ತೋಡಿಸಿದ ಸಂಗತಿ ಆ ಬಂಡೆಯ ಮೇಲಿಲ್ಲ. ಅವನ ಬೇರೆ ಶಾಸನಗಳಲ್ಲಿದೆ. ಬ್ರಹ್ಮಗಿರಿಯದರಲ್ಲಿ ತಂದೆತಾಯಿಗಳ ಸೇವೆ, ಪ್ರಾಣಿದಯೆ, ಸತ್ಯ ಇವುಗಳ ಉಪದೇಶವಿದೆ. ನಮ್ಮ ಕನ್ನಡ ಶಾಸನಗಳಲ್ಲಿ ಅರವಂಟಿಗೆಗೆ ದತ್ತಿ ಬಿಟ್ಟ ಮಾತು ಬರುತ್ತದೆ. ಅದೇ ನಮ್ಮ ಇಂದಿನ ಅರವಟ್ಟಿಗೆ. ಹಳೆಯ ದಾರಿಗಳಲ್ಲಿ ಹೊರೆಗಲ್ಲುಗಳಿದ್ದವು. ಎರಡು ಕಲ್ಲುಕಂಬಗಳ ಮೇಲೆ ಎದೆಯೆತ್ತರಕ್ಕೆ ಅಡ್ಡ ಹಾಸಿದ ಚಪ್ಪಡಿ. ತಲೆಹೊರೆಯವನು ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ ಮತ್ತೆ ಹೊರಬಹುದಿತ್ತು. ಅದನ್ನು ನಿಲ್ಲಿಸಿದವನು ಯಾವನೋ, ಆದರೆ ದಾರಿಹೋಕನ ಕುತ್ತಿಗೆಯ ನೋವು ಅವನಿಗೆ ಗೊತ್ತಿತ್ತು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನ ದಾರಿಗೆ ಬಿಂದಿಗೆಯಲ್ಲಿ ನೀರು ಹೊತ್ತು 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕ 2025ರ ನವೆಂಬರಿನಲ್ಲಿ ತೀರಿಕೊಂಡರು. 2019ರಲ್ಲಿ ಆ ಮರಗಳಿಗೂ ರಸ್ತೆ ಅಗಲೀಕರಣದ ಕುತ್ತು ಬಂದಿತ್ತು. ಅದೇ ವರ್ಷ ಪದ್ಮಶ್ರೀ ಪಡೆದ ಆ ಅಜ್ಜಿ ಮುಖ್ಯಮಂತ್ರಿಗಳ ಬಳಿಗೆ ಹೋಗಿ ಮರಗಳನ್ನು ಉಳಿಸಿಕೊಡಿರೆಂದು ಕೇಳಬೇಕಾಯಿತು.

ಅಗಲವಾದ ರಸ್ತೆ ಬೇಡವೆಂದು ನಾನು ಹೇಳುವುದಿಲ್ಲ. ಎದುರುಬದುರು ಲಾರಿಗಳ ಕಾಲದಲ್ಲಿ ಈ ದಾರಿಗಳಲ್ಲಿ ಎಷ್ಟು ಅಪಘಾತಗಳಾಗುತ್ತಿದ್ದವೆಂಬುದನ್ನು ಕಂಡವನು ನಾನು. ನನ್ನ ಪ್ರಶ್ನೆ ಬೇರೆ. ಮರ ಕಡಿಯುವಾಗ ಇದ್ದ ಅವಸರ ನೆಡುವಾಗ ಏಕಿಲ್ಲ? ನಡುವಿನ ವಿಭಾಜಕದಲ್ಲಿ ಕಣಗಿಲೆ ನೆಟ್ಟರೆ ಕಣ್ಣಿಗೆ ಚೆನ್ನ, ಅದರ ನೆರಳಿನಲ್ಲಿ ಹಲ್ಲಿಯೂ ನಿಲ್ಲಲಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರಿಗಳಿಗೆ ಪ್ರವೇಶ ನಿಷೇಧಿಸಿದರು. ಸುರಕ್ಷತೆಯ ದೃಷ್ಟಿಯಿಂದ ಸರಿಯೇ ಇರಬಹುದು. ಹಾಗಾದರೆ ಅವರನ್ನು ಕಳುಹಿಸಿದ ಸರ್ವೀಸ್ ರಸ್ತೆಯ ಬದಿಗಾದರೂ ಹತ್ತು ಕಿಲೋಮೀಟರಿಗೊಂದು ತೋಪು, ಒಂದು ನಲ್ಲಿ, ಕುಳಿತುಕೊಳ್ಳಲು ಒಂದು ಕಟ್ಟೆ ಬೇಡವೇ? ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಬೈಕಿಗೆ ಸುಂಕವಿಲ್ಲ; ಸುಂಕ ಕೊಡದವನಿಗೆ ನೆರಳೂ ಇಲ್ಲವೆಂಬ ನ್ಯಾಯ ಯಾವ ಧರ್ಮಶಾಸ್ತ್ರದ್ದೋ ನಾನರಿಯೆ. ಹಿಂದೊಮ್ಮೆ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ, ಚಪ್ಪರದ ನೆರಳೆಲ್ಲ ಕಾರುಗಳಿಗೆಂದೂ ಸ್ಕೂಟರುಗಳನ್ನು ಆಚೆ ಬಿಸಿಲಿಗೆ ಹಾಕಬೇಕೆಂದೂ ಕಾವಲುಗಾರ ನನಗೆ ತಾಕೀತು ಮಾಡಿದ್ದ. ಕಾರಿನೊಳಗಿನವನು ತಂಪಿನಲ್ಲಿಯೇ ಬಂದವನು. ನೆರಳು ಬೇಕಾದದ್ದು ಯಾರಿಗೆ?

ಅಂದ ಹಾಗೆ, ಆ ಹುಣಸೆಮರ ಈಗಿಲ್ಲ. ರಸ್ತೆ ಅಗಲವಾದ ಮೇಲೆ ಅದರ ಜಾಗವನ್ನು ನಾನು ಗುರುತಿಸಲಾರದೆ ಎರಡು ಸಲ ಹಿಂದೆಮುಂದೆ ಓಡಾಡಿದೆ. ಹುಣಸೆಯಡಿ ಮಲಗಿದರೆ ದೆವ್ವ ಹಿಡಿಯುತ್ತದೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಶ್ರೀಮತಿ ಈಗಲೂ, "ನನಗೇನೂ ಹಿಡಿಯಲಿಲ್ಲ, ನಿಮಗೆ ಹಿಡಿದಿದ್ದುದು ಅಲ್ಲಿ ಬಿಟ್ಟಿತು" ಎನ್ನುತ್ತಾಳೆ.

ಕಳೆದ ಮಳೆಗಾಲದಲ್ಲಿ ನಾವಿಬ್ಬರೂ ಇಬ್ಬರು ಹಳೆಯ ವಿದ್ಯಾರ್ಥಿಗಳೊಡನೆ ಸೇರಿ, ಮಾರಿಕಣಿವೆಯ ದಾರಿಯಲ್ಲಿ, ಜಮೀನಿನವರ ಒಪ್ಪಿಗೆ ಪಡೆದು, ರಸ್ತೆಯ ಗಡಿಯಿಂದ ಒಳಗೆ ಹನ್ನೆರಡು ಗಿಡ ನೆಟ್ಟೆವು: ಏಳು ಹೊಂಗೆ, ಮೂರು ಬೇವು, ಎರಡು ಹುಣಸೆ. ಮೂರು ಹೊಂಗೆಗಳನ್ನು ಮೇಕೆಗಳು ಮುಗಿಸಿದವು. ಉಳಿದ ಒಂಬತ್ತಕ್ಕೆ ಮುಳ್ಳಿನ ಬೇಲಿ ಕಟ್ಟಿಸಿದ್ದೇವೆ. ಇನ್ನೂ ಎರಡು ಬೇಸಿಗೆ ಅವುಗಳಿಗೆ ವಾರಕ್ಕೆರಡು ಸಲ ನೀರು ಹೊಯ್ಯಬೇಕು. ನನ್ನ ಮೊಣಕಾಲು ಈಗ ಎರಡು ಕೊಡಕ್ಕಿಂತ ಹೆಚ್ಚಿಗೆ ಒಪ್ಪುತ್ತಿಲ್ಲ. ಹಿರಿಯೂರಿನ ಆಸುಪಾಸಿನಲ್ಲಿರುವವರು, ಭಾನುವಾರ ಬೈಕು ತೆಗೆದುಕೊಂಡು ಆ ಕಡೆ ಹೋಗುವವರು, ಹೊರಡುವ ಮೊದಲು ನನಗೊಂದು ಕರೆ ಮಾಡಿ. ಯಾವ ಗಿಡ ಎಲ್ಲಿದೆಯೆಂದು ಹೇಳುತ್ತೇನೆ. ಕೊಡ ನಮ್ಮ ಮನೆಯಲ್ಲಿದೆ, ಮಜ್ಜಿಗೆಯೂ ಇರುತ್ತದೆ. ಬೆಳಿಗ್ಗೆ ಆರಕ್ಕೆ ಬನ್ನಿ, ಹೊತ್ತೇರಿದ ಮೇಲೆ ಬೇಡ.